‘ಆ ದೇಶ ನಮ್ಮ ಕಡೆ ಇದೆಯಾ?’ ಸುದ್ದಿ ಬಂದಾಗ ನೀವೇ ನೋಡಿಕೊಳ್ಳುವುದು ಹೇಗೆ

ಗೋವಾದ ವಾಸ್ಕೋದಲ್ಲಿ ನಮ್ಮ ಕನ್ನಡ ಬಳಗದ ತಿಂಗಳ ಮಾತುಕತೆ ಮುಗಿದು ಚಹಾ ಬಂದ ಕೂಡಲೇ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ. “ಅಣ್ಣಾ, ಅಮೆರಿಕ ನಮ್ಮ ಕಡೆ ಇದೆಯೋ ಇಲ್ವೋ?” ಇನ್ನೊಬ್ಬರು ಫೋನ್ ಮುಂದಕ್ಕೆ ಹಿಡಿಯುತ್ತಾರೆ. “ನೂರಕ್ಕೆ ಎಪ್ಪತ್ತು ಜನ ಯುದ್ಧ ಬೇಕು ಅಂತಾರಂತೆ ನೋಡಿ ಸರ್, ನಿಜಾನಾ ಇದು?” ಬರೆದು ಕೇಳುವ ಓದುಗರ ಪ್ರಶ್ನೆಯೂ ಇದೇ. ದೇಶದ ಹೆಸರು ಬದಲಾಗುತ್ತದೆ, ಅಷ್ಟೇ.

ಯಾವ ದೇಶ ಒಳ್ಳೆಯದು, ಯಾವುದು ಕೆಟ್ಟದ್ದು ಅಂತ ನಾನಿಲ್ಲಿ ಹೇಳುವುದಿಲ್ಲ. ಅದನ್ನು ಹೇಳುವವರು ಟಿವಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಸುದ್ದಿ ಬಂದ ದಿನ ಅರ್ಧ ಗಂಟೆ ಕೂತು ನೀವೇ ಪರೀಕ್ಷೆ ಮಾಡಿಕೊಳ್ಳುವ ದಾರಿ ಹೇಳುತ್ತೇನೆ. ಮೊದಲ ಐದು ಹಂತ ದೇಶ ದೇಶಗಳ ಒಪ್ಪಂದದ ಸುದ್ದಿಗೆ. ಆಮೇಲಿನ ಮೂರು ‘ಜನ ಏನಂತಾರೆ’ ಅನ್ನುವ ಸಮೀಕ್ಷೆಗೆ.

ಏನೇನು ಬೇಕು

ಒಂದು ನೋಟ್‌ಬುಕ್, ಪೆನ್ಸಿಲ್ (ಪೆನ್ ಬೇಡ, ಅಳಿಸಬೇಕಾಗುತ್ತದೆ), ಮಕ್ಕಳ ಶಾಲೆಯ ಅಟ್ಲಾಸ್, ಇಂಟರ್ನೆಟ್ ಇರುವ ಫೋನ್. ಒಪ್ಪಂದಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಸಿಗುತ್ತವೆ. ಕಷ್ಟವಾದರೆ ಅನುವಾದದ ಆ್ಯಪ್ ಬಳಸಿ, ತಪ್ಪೇನಿಲ್ಲ. ಆದರೆ ಎರಡನೇ ಹಂತಕ್ಕೆ ಬಂದಾಗ ಮಾತ್ರ ಇಂಗ್ಲಿಷ್ ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಹಂತ 1: ಸಂಬಂಧಕ್ಕೆ ಇಟ್ಟ ಹೆಸರು ಯಾವುದು?

ನಮ್ಮ ಪತ್ರಿಕೆಗಳಲ್ಲಿ ಎಲ್ಲದಕ್ಕೂ ಒಂದೇ ಮಾತು: ಮೈತ್ರಿ. ಎರಡು ಪಕ್ಷ ಸೇರಿ ಸರ್ಕಾರ ಮಾಡಿದರೂ ಮೈತ್ರಿ, ಎರಡು ದೇಶದ ಹಡಗುಗಳು ಜೊತೆಗೆ ನಾಲ್ಕು ದಿನ ಓಡಾಡಿದರೂ ಮೈತ್ರಿ. ಗೊಂದಲ ಶುರುವಾಗುವುದೇ ಇಲ್ಲಿಂದ. ಆದ್ದರಿಂದ ಮೊದಲು ಸುದ್ದಿಯಲ್ಲಿರುವುದು ಇವುಗಳಲ್ಲಿ ಯಾವುದು ಅಂತ ಗುರುತು ಮಾಡಿ.

ರಕ್ಷಣಾ ಮೈತ್ರಿ: ನಿನ್ನ ಮೇಲೆ ಯಾರಾದರೂ ಬಿದ್ದರೆ ನಾನು ಬರುತ್ತೇನೆ ಅಂತ ಬರವಣಿಗೆಯಲ್ಲಿ ಕೊಟ್ಟ ಮಾತು. ಊರಲ್ಲಿ ಮುಯ್ಯಾಳು ಪದ್ಧತಿ ಇದೆಯಲ್ವಾ, ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು, ಆ ಥರ. ಅಮೆರಿಕ, ಕೆನಡಾ ಮತ್ತು ಯುರೋಪಿನ ದೇಶಗಳು ಸೇರಿದ ನೇಟೋ ಇದಕ್ಕೆ ದೊಡ್ಡ ಉದಾಹರಣೆ. 1949ರ ಏಪ್ರಿಲ್ 4ರಂದು 12 ದೇಶ ಸೇರಿ ಕಟ್ಟಿದ್ದು, ಈಗ 32 ಇವೆ. ಭಾರತ ಇಂಥ ಯಾವ ಮೈತ್ರಿಯಲ್ಲೂ ಇಲ್ಲ.

ಕಾರ್ಯತಂತ್ರದ ಪಾಲುದಾರಿಕೆ: ಇಂಗ್ಲಿಷ್ ಸುದ್ದಿಯಲ್ಲಿ ‘ಸ್ಟ್ರಾಟೆಜಿಕ್ ಪಾರ್ಟ್ನರ್‌ಶಿಪ್’ ಅಂತ ಬರುತ್ತದೆ. ವ್ಯಾಪಾರ, ತಂತ್ರಜ್ಞಾನ, ಆಯುಧ, ಮಾತುಕತೆ ಎಲ್ಲ ಸೇರಿದ ದೊಡ್ಡ ಚೀಲ. ಯುದ್ಧಕ್ಕೆ ಬರುತ್ತೇನೆ ಅನ್ನುವ ಮಾತು ಅದರೊಳಗೆ ಇರುವುದಿಲ್ಲ. ಭಾರತಕ್ಕೆ ಹತ್ತಾರು ದೇಶಗಳ ಜೊತೆ ಇದು ಇದೆ.

ಕೂಟ: ಕ್ವಾಡ್ (ಭಾರತ, ಅಮೆರಿಕ, ಜಪಾನ್, ಆಸ್ಟ್ರೇಲಿಯಾ), ಬ್ರಿಕ್ಸ್ (ಬ್ರೆಜಿಲ್, ರಷ್ಯಾ, ಭಾರತ, ಚೀನಾ, ದಕ್ಷಿಣ ಆಫ್ರಿಕಾ ಮೊದಲಾದವು), ಶಾಂಘೈ ಸಹಕಾರ ಸಂಘಟನೆ. ಸೇರುತ್ತಾರೆ, ಮಾತಾಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ಕೆಲವು ಕೆಲಸವನ್ನೂ ಮಾಡುತ್ತಾರೆ. ಕ್ವಾಡ್‌ಗೆ ಒಪ್ಪಂದಪತ್ರವೇ ಇಲ್ಲ. ಶಾಂಘೈ ಕೂಟದಲ್ಲಿ ಭಾರತವೂ ಪಾಕಿಸ್ತಾನವೂ 2017ರಲ್ಲಿ ಒಟ್ಟಿಗೇ ಸದಸ್ಯರಾದವು. ಒಂದೇ ಕೂಟದಲ್ಲಿ ಇದ್ದಾರೆ ಅಂದಮಾತ್ರಕ್ಕೆ ದೋಸ್ತಿ ಅಂತ ಅಲ್ಲ ಅನ್ನುವುದಕ್ಕೆ ಇಷ್ಟು ಸಾಕು.

ಸೌಲಭ್ಯದ ಒಪ್ಪಂದ: ನಿನ್ನ ಬಂದರಿನಲ್ಲಿ ನನ್ನ ಹಡಗಿಗೆ ಇಂಧನ, ನೀರು, ರೇಷನ್ ಕೊಡು, ದುಡ್ಡು ಕೊಡುತ್ತೇನೆ ಅನ್ನುವುದು. 2016ರಲ್ಲಿ ಭಾರತ ಮತ್ತು ಅಮೆರಿಕ ‘ಲೆಮೋವಾ’ ಅಂತ ಇಂಥದ್ದಕ್ಕೆ ಸಹಿ ಹಾಕಿದವು. ಆಗ ‘ಗೋವಾದಲ್ಲಿ ಅಮೆರಿಕದ ನೆಲೆ ಬರುತ್ತಂತೆ’ ಅಂತ ನಮ್ಮ ಓಣಿಯಲ್ಲೂ ಮಾತಾಗಿತ್ತು. ನೆಲೆ ಕಟ್ಟುವ ಅವಕಾಶ ಅದರಲ್ಲಿ ಇಲ್ಲ. ಜೊತೆಗೆ ಯುದ್ಧ ಮಾಡಬೇಕೆಂಬ ಕಟ್ಟುಪಾಡೂ ಇಲ್ಲ.

ಜಂಟಿ ಕವಾಯತು ಮತ್ತು ಖರೀದಿ: ಗೋವಾದವರಾದ ನಮಗೆ ಕಣ್ಣಿಗೆ ಬೀಳುವುದು ಇವೇ ಜಾಸ್ತಿ. 2025ರ ಜನವರಿಯಲ್ಲಿ ಫ್ರಾನ್ಸಿನ ವಿಮಾನವಾಹಕ ಹಡಗು ‘ಶಾರ್ಲ್ ದ ಗಾಲ್’ ಗೋವಾಕ್ಕೆ ಬಂತು. ‘ವರುಣ’ ಅನ್ನುವ ಭಾರತ-ಫ್ರಾನ್ಸ್ ಕವಾಯತು ಈ ಸಮುದ್ರದಲ್ಲಿ ಎಷ್ಟೋ ಸಲ ನಡೆದಿದೆ. ಹಾಗಂತ ಫ್ರಾನ್ಸು ನಮ್ಮ ಯುದ್ಧಕ್ಕೆ ಬರುತ್ತದೆ ಅಂತ ಎಲ್ಲೂ ಬರೆದಿಲ್ಲ. ಖರೀದಿಯ ಕತೆ ಇನ್ನೂ ಮಜಾ. 2024ರ ಡಿಸೆಂಬರಿನಲ್ಲಿ ನಮ್ಮ ನೌಕಾಪಡೆಗೆ ಸೇರಿದ ‘ತುಶಿಲ್’ ಯುದ್ಧನೌಕೆ ಕಟ್ಟಿದ್ದು ರಷ್ಯಾದ ಯಾರ್ಡಿನಲ್ಲಿ, ಅದರ ಎಂಜಿನ್ ಯುಕ್ರೇನಿನದು. ಆ ಎರಡೂ ದೇಶ ಪರಸ್ಪರ ಯುದ್ಧದಲ್ಲಿ ಇರುವಾಗಲೇ ಹಡಗು ನಮ್ಮ ಕೈ ಸೇರಿತು. ಅದೇ ವಿನ್ಯಾಸದ ‘ತ್ರಿಪುಟ್’ ಇಲ್ಲೇ ಗೋವಾ ಶಿಪ್‌ಯಾರ್ಡಿನಲ್ಲಿ 2024ರ ಜುಲೈನಲ್ಲಿ ನೀರಿಗಿಳಿಯಿತು. ಅಂಗಡಿಯವನು ಸಾಮಾನು ಕೊಟ್ಟ ಅಂತ ನೆಂಟ ಆಗಲಿಲ್ಲವಲ್ಲ.

ನೋಟ್‌ಬುಕ್ಕಿನಲ್ಲಿ ಒಂದೇ ಸಾಲು ಬರೆಯಿರಿ: ದೇಶಗಳ ಹೆಸರು, ಸಂಬಂಧದ ಬಗೆ, ಸಹಿ ಬಿದ್ದ ತಾರೀಖು.

ಹಂತ 2: ಒಪ್ಪಂದದಲ್ಲಿ ಕ್ರಿಯಾಪದ ಹುಡುಕಿ

ಮೂಲ ಪಠ್ಯ ಸಿಗುವ ಜಾಗಗಳು ಇವು: ಭಾರತದ್ದಾದರೆ ವಿದೇಶಾಂಗ ಸಚಿವಾಲಯದ ಜಾಲತಾಣ, ನೇಟೋದ್ದಾದರೆ ನೇಟೋ ಜಾಲತಾಣ. ನೇಟೋ ಒಪ್ಪಂದದಲ್ಲಿ ಇರುವುದೇ 14 ವಿಧಿ. ಚಹಾ ಆರುವುದರೊಳಗೆ ಓದಿ ಮುಗಿಸಬಹುದು.

ಓದುವಾಗ ದೊಡ್ಡ ಮಾತುಗಳನ್ನು ಹಾರಿಸಿ. ‘ಶಾಂತಿ’, ‘ಸ್ನೇಹ’, ‘ಶತಮಾನಗಳ ಬಾಂಧವ್ಯ’ ಎಲ್ಲಾ ಒಪ್ಪಂದದಲ್ಲೂ ಇರುತ್ತವೆ. ಮದುವೆ ಕರೆಯೋಲೆಯಲ್ಲಿ ‘ನಮ್ಮಲ್ಲಿ ದೇವತಾನುಗ್ರಹದಿಂದ’ ಅಂತ ಇರುತ್ತಲ್ಲ, ಹಾಗೆ. ಯಾರ ಮೇಲಾದರೂ ದಾಳಿಯಾದರೆ ಇನ್ನೊಬ್ಬರು ಏನು ಮಾಡಬೇಕು ಅಂತ ಇದೆ, ಅದನ್ನು ನೋಡಿ.

ನೇಟೋದ 5ನೇ ವಿಧಿ ಎಲ್ಲರಿಗೂ ಬಾಯಿಪಾಠ: ಒಬ್ಬರ ಮೇಲೆ ದಾಳಿ ಅಂದರೆ ಎಲ್ಲರ ಮೇಲೂ ದಾಳಿ. ಅದೇ ವಾಕ್ಯ ಮುಂದುವರಿದು ಏನು ಹೇಳುತ್ತದೆ ಗೊತ್ತಾ? ಪ್ರತಿಯೊಂದು ದೇಶವೂ ‘ತನಗೆ ಅಗತ್ಯ ಅನಿಸಿದ’ ಕ್ರಮ ಕೈಗೊಂಡು ನೆರವಾಗುತ್ತದೆ. ಸೇನೆ ಕಳಿಸುವುದು ಅದರಲ್ಲಿ ಒಂದು ದಾರಿ, ಕಡ್ಡಾಯ ಅಲ್ಲ. ಯುದ್ಧ ಸಾರುವ ಅಧಿಕಾರ ತನ್ನ ಸಂಸತ್ತಿನ ಕೈ ತಪ್ಪಬಾರದು ಅಂತ ಅಮೆರಿಕ ಹಟ ಹಿಡಿದದ್ದರಿಂದ ಆ ಮಾತು ಸೇರಿತು. ಈ ವಿಧಿಯನ್ನು ನೇಟೋ ಬಳಸಿದ್ದು ಒಂದೇ ಸಲ, 2001ರ ಸೆಪ್ಟೆಂಬರ್ 11ರ ದಾಳಿಯ ಮರುದಿನ. ಅಂದರೆ ಯುರೋಪನ್ನು ಕಾಯಲು ಅಮೆರಿಕ ಬರಲಿ ಅಂತ ಬರೆದದ್ದು ಮೊದಲು ಕೆಲಸಕ್ಕೆ ಬಂದದ್ದು ಅಮೆರಿಕಕ್ಕೇ.

ಭಾರತದ್ದೇ ಉದಾಹರಣೆ ಬೇಕಾದರೆ 1971ರ ಆಗಸ್ಟ್ 9ರ ಭಾರತ-ಸೋವಿಯತ್ ಒಪ್ಪಂದ ನೋಡಿ. ಅದರ 9ನೇ ವಿಧಿಯಲ್ಲಿರುವ ಕ್ರಿಯಾಪದ: ದಾಳಿ ಅಥವಾ ದಾಳಿಯ ಬೆದರಿಕೆ ಬಂದರೆ ಕೂಡಲೇ ‘ಸಮಾಲೋಚನೆ ನಡೆಸುವುದು’, ಬೆದರಿಕೆ ಹೋಗುವಂತೆ ತಕ್ಕ ಕ್ರಮ ಕೈಗೊಳ್ಳುವುದು. ಸೇನೆ ಕಳಿಸುತ್ತೇವೆ ಅಂತ ಇಲ್ಲ.

ಎಚ್ಚರಿಕೆ: ಅನುವಾದದಲ್ಲಿ ಎಡವುವುದು ಇಲ್ಲೇ. ‘ಮಾಡಲೇಬೇಕು’, ‘ಮಾಡಬಹುದು’, ‘ಮಾಡಲು ಪ್ರಯತ್ನಿಸುವುದು’ ಮೂರನ್ನೂ ಆ್ಯಪ್ ‘ಮಾಡುತ್ತದೆ’ ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತದೆ. ಮೂಲದ ಶಬ್ದವನ್ನೇ ಕನ್ನಡ ಲಿಪಿಯಲ್ಲಿ ಬರೆದಿಟ್ಟುಕೊಳ್ಳಿ.

ಹಂತ 3: ಅಟ್ಲಾಸ್ ತೆಗೆಯಿರಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಒಪ್ಪಂದ ಯಾವ ನೆಲಕ್ಕೆ ಅನ್ವಯ ಆಗುತ್ತದೆ? ಮನೆ ವಿಮೆ ಮಾಡಿಸಿದವರು ‘ಏನೇನು ಸೇರಿಲ್ಲ’ ಅನ್ನುವ ಪುಟ ಓದಲ್ವಾ, ಇಲ್ಲೂ ಅಂಥದ್ದೊಂದು ಪುಟ ಇರುತ್ತದೆ.

ಇದಕ್ಕೆ ನಾವು ಕೂತಿರುವ ಗೋವಾಕ್ಕಿಂತ ಒಳ್ಳೆಯ ಪಾಠ ಬೇರೆ ಸಿಗುವುದಿಲ್ಲ.

ಗೋವಾವನ್ನು 1961ರವರೆಗೆ ಆಳಿದ ಪೋರ್ಚುಗಲ್ ನೇಟೋದ ಸ್ಥಾಪಕ ಸದಸ್ಯ ದೇಶ. 1961ರ ಡಿಸೆಂಬರ್ 18ರಂದು ಭಾರತೀಯ ಸೇನೆ ಗೋವಾ, ದಮನ್, ದಿಯುಗಳಿಗೆ ನುಗ್ಗಿತು. ಕಾರವಾರದವರಿಗೆ ಗೊತ್ತಿರುವ ಅಂಜದೀವ್ ದ್ವೀಪಕ್ಕೆ ‘ಮೈಸೂರು’ ಮತ್ತು ‘ತ್ರಿಶೂಲ್’ ನೌಕೆಗಳ ನಾವಿಕರು ಇಳಿದರು. ಪೋರ್ಚುಗಲ್‌ನ ‘ಅಫೊನ್ಸೊ ದ ಆಲ್ಬುಕರ್ಕ್’ ಹಡಗು ಮುರಗಾಂವ್ ಬಂದರಿನ ಮುಂದೆ ಗುಂಡು ತಿಂದು ದಡ ಹತ್ತಿ ನಿಂತಿತು. 19ಕ್ಕೆ ಎಲ್ಲಾ ಮುಗಿಯಿತು. ನೇಟೋದ ಒಂದು ಹಡಗೂ ಈ ಕಡೆ ತಿರುಗಲಿಲ್ಲ.

ಮಾತಿಗೆ ತಪ್ಪಿದರಾ? ಇಲ್ಲ. ಒಪ್ಪಂದದ 6ನೇ ವಿಧಿ ಓದಿ. ಸದಸ್ಯ ದೇಶಗಳ ನೆಲ ಅಂದರೆ ಯುರೋಪ್, ಉತ್ತರ ಅಮೆರಿಕ, ಟರ್ಕಿ, ಮತ್ತು ಉತ್ತರ ಅಟ್ಲಾಂಟಿಕ್‌ನಲ್ಲಿ ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಮೇಲೆ ಇರುವ ದ್ವೀಪಗಳು. ಈಗ ಅಟ್ಲಾಸಿನಲ್ಲಿ ಬೆರಳಿಡಿ. ಆ ವೃತ್ತ ಇರುವುದು ಸುಮಾರು 23.5 ಡಿಗ್ರಿಯಲ್ಲಿ. ಗೋವಾ ಇರುವುದು ಸುಮಾರು 15.5ರಲ್ಲಿ, ಅದೂ ಅರಬ್ಬೀ ಸಮುದ್ರದ ದಂಡೆಯಲ್ಲಿ. ಪಾಲಿಸಿಯೊಳಗೆ ಗೋವಾ ಸೇರಿರಲೇ ಇಲ್ಲ. 1982ರಲ್ಲಿ ಅರ್ಜೆಂಟೀನಾ ಫಾಕ್‌ಲೆಂಡ್ ದ್ವೀಪ ಹಿಡಿದಾಗ ಬ್ರಿಟನ್ನಿಗೂ ಇದೇ ಕತೆ. ಫಾಕ್‌ಲೆಂಡ್ ಇರುವುದು ದಕ್ಷಿಣ ಅಟ್ಲಾಂಟಿಕ್‌ನಲ್ಲಿ.

ಪೋರ್ಚುಗಲ್ ಬಳಿ ಇನ್ನೊಂದು ಕಾಗದವೂ ಇತ್ತು. ಇಂಗ್ಲೆಂಡಿನ ಜೊತೆ 1373ರಲ್ಲಿ ಮಾಡಿಕೊಂಡ ಒಪ್ಪಂದ, ಇವತ್ತಿಗೂ ಜಾರಿಯಲ್ಲಿರುವ ತೀರಾ ಹಳೆಯ ಮೈತ್ರಿಗಳಲ್ಲೊಂದು. ಅದನ್ನು ಮುಂದಿಟ್ಟು ಕೇಳಿದರೆ ಬ್ರಿಟನ್ ಕೈಚೆಲ್ಲಿತು. ಭಾರತ ಕಾಮನ್‌ವೆಲ್ತ್ ಸದಸ್ಯ, ಅದರ ಮೇಲೆ ಯುದ್ಧಕ್ಕೆ ಬರಲಾಗದು ಅಂತ. ಒಂದು ದೇಶ ಎರಡು ಕಡೆ ಮಾತು ಕೊಟ್ಟಿದ್ದರೆ ಯಾವ ಮಾತು ಗೆಲ್ಲುತ್ತದೆ ಅಂತಲೂ ನೋಡಬೇಕು ಅಂದಹಾಗಾಯಿತು.

ಹಂತ 4: ‘ಬೆಂಬಲ’ ಅಂದರೆ ಎಷ್ಟನೇ ಮೆಟ್ಟಿಲು?

‘ಇಂಥ ದೇಶ ನಮಗೆ ಸಂಪೂರ್ಣ ಬೆಂಬಲ ಘೋಷಿಸಿದೆ’ ಅಂತ ಸುದ್ದಿ. ಬೆಂಬಲಕ್ಕೆ ಐದು ಮೆಟ್ಟಿಲು ಅಂತ ನಾನು ಲೆಕ್ಕ ಇಟ್ಟುಕೊಂಡಿದ್ದೇನೆ: ಹೇಳಿಕೆ, ವಿಶ್ವಸಂಸ್ಥೆಯಲ್ಲಿ ಮತ, ದುಡ್ಡು, ಆಯುಧ, ಸೈನಿಕರು. ಮೊದಲನೆಯದು ಪುಕ್ಕಟೆ. ಕೊನೆಯದಕ್ಕೆ ತಮ್ಮ ಮಕ್ಕಳ ಜೀವ ಕೊಡಬೇಕು. ಸುದ್ದಿಯ ಪಕ್ಕದಲ್ಲಿ ಮೆಟ್ಟಿಲಿನ ನಂಬರ್ ಬರೆಯಿರಿ, ಸಾಕು. ಅರ್ಧ ಗದ್ದಲ ಅಲ್ಲೇ ಇಳಿಯುತ್ತದೆ.

ಗೋವಾವನ್ನೇ ಈ ಮೆಟ್ಟಿಲಿಗೆ ಹಚ್ಚಿ ನೋಡಿ. ಭಾರತ ಸೇನೆ ವಾಪಸ್ ಕರೆಸಿಕೊಳ್ಳಬೇಕು ಅಂತ ಭದ್ರತಾ ಮಂಡಳಿಯಲ್ಲಿ ನಿರ್ಣಯ ಬಂತು. ಅಮೆರಿಕ, ಬ್ರಿಟನ್, ಫ್ರಾನ್ಸ್, ಟರ್ಕಿ, ನಾಲ್ಕೂ ನೇಟೋ ದೇಶಗಳು, ಪೋರ್ಚುಗಲ್ ಪರ ಕೈ ಎತ್ತಿದವು. ಅಂದರೆ ಎರಡನೇ ಮೆಟ್ಟಿಲಿನವರೆಗೆ ಬಂದು ನಿಂತವು. ಒಟ್ಟು ಪರ 7, ವಿರೋಧ 4. ಆ ನಾಲ್ಕರಲ್ಲಿ ಒಂದು ಸೋವಿಯತ್ ಒಕ್ಕೂಟದ್ದು. ಅದಕ್ಕೆ ವಿಟೊ ಇತ್ತು, ಅಂದರೆ ಒಬ್ಬರೇ ಬೇಡ ಅಂದರೂ ನಿರ್ಣಯ ಬಿದ್ದುಹೋಗುವ ಅಧಿಕಾರ. ಬಿದ್ದೇಹೋಯಿತು. ಆಗ ನಮಗೂ ಸೋವಿಯತ್ತಿಗೂ ಒಪ್ಪಂದ ಅಂತ ಇರಲೇ ಇಲ್ಲ, ಅದು ಬಂದದ್ದು ಹತ್ತು ವರ್ಷ ಆದಮೇಲೆ. ಹಾಗಂತ ಕಾಗದಕ್ಕೆ ಬೆಲೆಯೇ ಇಲ್ಲ ಅಂತ ಹಾರಬೇಡಿ. ಅವತ್ತು ಸೋವಿಯತ್ತಿಗೆ ಎರಡನೇ ಮೆಟ್ಟಿಲು ಸುಲಭವಾಗಿತ್ತು. ಐದನೆಯದನ್ನು ಯಾರೂ ಕೇಳಿರಲಿಲ್ಲ.

ಎಚ್ಚರಿಕೆ: ವಿಶ್ವಸಂಸ್ಥೆಯ ಮತ ಓದುವಾಗ ‘ತಟಸ್ಥ’ ಮತ್ತು ‘ಗೈರು’ ಬೇರೆ ಬೇರೆ. 2022ರ ಮಾರ್ಚ್ 2ರಂದು ರಷ್ಯಾದ ದಾಳಿ ಖಂಡಿಸುವ ನಿರ್ಣಯಕ್ಕೆ ಸಾಮಾನ್ಯ ಸಭೆಯಲ್ಲಿ 141 ದೇಶ ಪರ, 5 ವಿರೋಧ, 35 ತಟಸ್ಥ. ಭಾರತ ಆ 35ರಲ್ಲಿ ಒಂದು. ಸಭೆಯಲ್ಲಿ ಕೂತು ‘ಯಾವ ಕಡೆಯೂ ಇಲ್ಲ’ ಅಂತ ದಾಖಲಿಸುವುದೂ ಒಂದು ನಿಲುವೇ. ‘ಮತದಾನದಿಂದ ದೂರ ಉಳಿದ ಭಾರತ’ ಅನ್ನುವ ತಲೆಬರಹ ಓದಿದರೆ ಎದ್ದು ಹೋದಂತೆ ಕೇಳಿಸುತ್ತದೆ.

ಹಂತ 5: ಹಿಂದೆ ಏನು ಮಾಡಿದ್ದರು?

ಇದಕ್ಕೆ ಹತ್ತು ನಿಮಿಷ ಸಾಕು. ಆ ದೇಶ ಇದೇ ಥರದ ಮಾತನ್ನು ಮೊದಲು ಯಾರಿಗೆ ಕೊಟ್ಟಿತ್ತು, ಹೊತ್ತು ಬಂದಾಗ ಏನು ಮಾಡಿತು? ಪಾಕಿಸ್ತಾನ 1950ರ ದಶಕದಲ್ಲಿ ಅಮೆರಿಕ ಹಿಂದೆ ನಿಂತಿದ್ದ ಸಿಯಾಟೊ, ಸೆಂಟೊ ಎರಡೂ ಮೈತ್ರಿಕೂಟಕ್ಕೆ ಸೇರಿತ್ತು. ಸಹಿ ಹಾಕುವಾಗಲೇ ಅಮೆರಿಕ ಸಿಯಾಟೊ ಪತ್ರದಲ್ಲಿ ಒಂದು ಷರತ್ತು ಸೇರಿಸಿತ್ತು: ತನ್ನ ಹೊಣೆ ಕಮ್ಯುನಿಸ್ಟ್ ದಾಳಿಗೆ ಮಾತ್ರ. 1965ರ ಯುದ್ಧದಲ್ಲಿ ಅಮೆರಿಕ ಸೇನೆ ಕಳಿಸುವುದು ಹಾಗಿರಲಿ, ಭಾರತ, ಪಾಕಿಸ್ತಾನ ಇಬ್ಬರಿಗೂ ಆಯುಧ ಕೊಡುವುದನ್ನೇ ನಿಲ್ಲಿಸಿತು.

ಹಂತ 6: ಸಮೀಕ್ಷೆಯಲ್ಲಿ ಶೇಕಡಾ ನೋಡುವ ಮೊದಲು ಪ್ರಶ್ನೆ ಓದಿ

ಇನ್ನು ಜನಾಭಿಪ್ರಾಯಕ್ಕೆ ಬರೋಣ. ‘ಶೇ. 70’ ಅಂದರೆ ಅರ್ಧ ಮಾಹಿತಿ. ಇನ್ನರ್ಧ ಪ್ರಶ್ನೆಯಲ್ಲಿದೆ. ಒಳ್ಳೆಯ ಸಂಸ್ಥೆಗಳು ಪ್ರಶ್ನೆಯನ್ನು ಇದ್ದಹಾಗೇ ವರದಿಯ ಕೊನೆಯಲ್ಲಿ ಕೊಡುತ್ತವೆ. ಪ್ರಶ್ನೆ ಸಿಗದಿದ್ದರೆ ಆ ಸಮೀಕ್ಷೆಯನ್ನು ಅಲ್ಲಿಗೇ ಬಿಡಿ. ನಾನು ಹಾಗೇ ಮಾಡುತ್ತೇನೆ.

ಪ್ರಶ್ನೆ ಎಷ್ಟು ಮುಖ್ಯ ಅನ್ನುವುದಕ್ಕೆ ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ 2020ರ ಫೆಬ್ರವರಿಯಲ್ಲಿ ಪ್ರಕಟಿಸಿದ ವರದಿ ನೋಡಿ. ನೇಟೋದ 16 ಸದಸ್ಯ ದೇಶಗಳಲ್ಲಿ ಕೇಳಿದ್ದು. ನೇಟೋ ಬಗ್ಗೆ ನಿಮಗೆ ಒಳ್ಳೆಯ ಅಭಿಪ್ರಾಯ ಇದೆಯಾ ಅಂದರೆ ಹೌದು ಅಂದವರೇ ಜಾಸ್ತಿ. ಸರಿ, ರಷ್ಯಾ ತನ್ನ ಪಕ್ಕದ ನೇಟೋ ದೇಶದ ಜೊತೆ ಗಂಭೀರ ಸೇನಾ ಸಂಘರ್ಷಕ್ಕೆ ಇಳಿದರೆ ನಿಮ್ಮ ದೇಶ ಸೇನಾಬಲ ಬಳಸಬೇಕಾ? ಈಗ ಬೇಡ ಅಂದವರು ಶೇ. 50, ಬೇಕು ಅಂದವರು ಶೇ. 38. ಇನ್ನೊಂದು ಪ್ರಶ್ನೆ: ಅಮೆರಿಕ ಬರುತ್ತದಾ? ಬರುತ್ತದೆ ಅಂದವರು ಶೇ. 60. (ಇವು ಮಧ್ಯಾಂಕ, ಅಂದರೆ 16 ದೇಶಗಳ ಅಂಕಿಯನ್ನು ಸಾಲಾಗಿ ಜೋಡಿಸಿದರೆ ನಡುವೆ ಬರುವ ಅಂಕಿ.) ಸಂಘ ಇರಲಿ, ಚಂದಾ ಪಕ್ಕದ ಮನೆಯವರು ಕೊಡಲಿ ಅನ್ನುವ ಹಾಗೆ! ಈ ಒಂದೇ ವರದಿಯಿಂದ ‘ಯುರೋಪಿನ ಜನ ನೇಟೋ ಪರ’ ಅಂತಲೂ ತಲೆಬರಹ ಮಾಡಬಹುದು, ‘ನೇಟೋಗಾಗಿ ಹೋರಾಡಲು ಜನ ಒಲ್ಲೆ ಅಂದರು’ ಅಂತಲೂ ಮಾಡಬಹುದು. ಎರಡೂ ಸುಳ್ಳಲ್ಲ.

ಪ್ರಶ್ನೆಯಲ್ಲಿ ಎಷ್ಟು ಬಾಗಿಲು ಇಟ್ಟಿದ್ದಾರೆ ಅಂತಲೂ ಎಣಿಸಿ. ಇಲ್ಲಿ ಜನವರಿ 16 ಬಂತೆಂದರೆ ಅಸ್ಮಿತಾಯ್ ದಿಸ್ (ಗೋವಾದ ಅಸ್ಮಿತೆಯ ದಿನ) ಆಚರಿಸುವುದನ್ನು ನೀವು ನೋಡಿರುತ್ತೀರಿ. 1967ರಲ್ಲಿ ಅವತ್ತು ನಡೆದ ಒಪಿನಿಯನ್ ಪೋಲ್ ಹೆಸರಿಗೆ ಜನಾಭಿಪ್ರಾಯ, ನಿಜಕ್ಕೂ ಮತಪೆಟ್ಟಿಗೆ ಇಟ್ಟು ಮಾಡಿದ ಮತದಾನ. ಎರಡೇ ಚಿಹ್ನೆ. ಹೂವು ಅಂದರೆ ಮಹಾರಾಷ್ಟ್ರಕ್ಕೆ ಸೇರುವುದು, ಎರಡು ಎಲೆ ಅಂದರೆ ಕೇಂದ್ರಾಡಳಿತವಾಗಿ ಉಳಿಯುವುದು. ಎಲೆಗೆ 1,72,191, ಹೂವಿಗೆ 1,38,170. ಅಂತರ 34,021. ಪ್ರತ್ಯೇಕ ರಾಜ್ಯ ಬೇಕು ಅನ್ನುವವನು ಎಲ್ಲಿ ಮತ ಹಾಕಬೇಕಿತ್ತು? ಅವನಿಗೆ ಬಾಗಿಲೇ ಇರಲಿಲ್ಲ, ಎಲೆಗೇ ಹಾಕಬೇಕಿತ್ತು. ಗೋವಾ ರಾಜ್ಯವಾದದ್ದು 1987ರ ಮೇ 30ಕ್ಕೆ. ವಿದೇಶಾಂಗ ನೀತಿಯ ಸಮೀಕ್ಷೆಗಳಲ್ಲೂ ‘ಅಮೆರಿಕವೋ ರಷ್ಯಾವೋ’ ಅಂತ ಎರಡೇ ಬಾಗಿಲು ಇಟ್ಟಿದ್ದರೆ ‘ಇಬ್ಬರ ಜೊತೆಗೂ ಚೆನ್ನಾಗಿರೋಣ’ ಅನ್ನುವವರು ಎಲ್ಲಿ ಹೋದರು ಅಂತ ಕೇಳಿ. ‘ಗೊತ್ತಿಲ್ಲ’ ಅನ್ನುವ ಬಾಗಿಲಂತೂ ಇರಲೇಬೇಕು. ಅದಿಲ್ಲದಿದ್ದರೆ ಸುಮ್ನೆ ಬಾಯಿಗೆ ಬಂದದ್ದು ಹೇಳಿರುತ್ತಾರೆ.

ಹಂತ 7: ಯಾರನ್ನು ಕೇಳಿದರು, ಎಷ್ಟು ಜನರನ್ನು?

ಹೆಚ್ಚು ಜನರನ್ನು ಕೇಳಿದರೆ ನಿಖರ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅನ್ನ ಬೆಂದಿದೆಯಾ ನೋಡಲು ನಾಲ್ಕು ಅಗುಳು ಸಾಕು, ಆದರೆ ಪಾತ್ರೆಯನ್ನು ಒಮ್ಮೆ ತಿರುವಿರಬೇಕು. ತಿರುವುವುದು ಅಂದರೆ ಯಾದೃಚ್ಛಿಕ ಆಯ್ಕೆ: ಹಳ್ಳಿ, ಪೇಟೆ, ಗಂಡಸು, ಹೆಂಗಸು, ಯಾರಿಗೆ ಬೇಕಾದರೂ ಚೀಟಿ ಎತ್ತಿದ ಹಾಗೆ ಅವಕಾಶ ಬರಬೇಕು. ಹಾಗೆ ಆರಿಸಿದ ಸಾವಿರ ಜನ ಇದ್ದರೆ ಉತ್ತರ ಮೂರು ಅಂಶ ಹೆಚ್ಚುಕಡಿಮೆ ಆಗಬಹುದು. ನಾನೂರು ಜನ ಇದ್ದರೆ ಐದು, ನೂರು ಜನ ಇದ್ದರೆ ಹತ್ತು. ಇದಕ್ಕೆ ‘ಮಾರ್ಜಿನ್ ಆಫ್ ಎರರ್’ ಅನ್ನುತ್ತಾರೆ. ಆದ್ದರಿಂದ ಸಾವಿರ ಜನರ ಸಮೀಕ್ಷೆಯಲ್ಲಿ ‘48 ಪರ, 46 ವಿರೋಧ’ ಬಂದರೆ ಯಾರೂ ಗೆದ್ದಿಲ್ಲ.

ಟಿವಿ ಚಾನೆಲ್ಲಿನ ‘ಮಿಸ್ಡ್ ಕಾಲ್ ಕೊಡಿ’ ಸಮೀಕ್ಷೆಗೆ ಐದು ಲಕ್ಷ ಜನ ಉತ್ತರಿಸಿದರೂ ಅದು ಪಾತ್ರೆ ತಿರುವದೆ ಮೇಲಿನ ಅಗುಳನ್ನೇ ಐದು ಲಕ್ಷ ಸಲ ಮುಟ್ಟಿದ ಹಾಗೆ. ಭಾರತದ ಸಮೀಕ್ಷೆಗಳಲ್ಲಿ ‘ನಗರಗಳ ಇಂಟರ್ನೆಟ್ ಬಳಕೆದಾರರು’ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ತಲೆಬರಹದಲ್ಲಿ ಅದು ‘ಭಾರತೀಯರು’ ಆಗಿರುತ್ತದೆ. ಆ ಸಣ್ಣ ಅಕ್ಷರ ಹುಡುಕಿ.

ನಮ್ಮ ಬಳಗದಲ್ಲೂ ಮಾಡೋಣ ಅನ್ನುವವರಿಗೆ ಎರಡು ಮಾತು. ವಾಟ್ಸಾಪ್ ಪೋಲ್ ಬೇಡ. ಅಲ್ಲಿ ಯಾರು ಏನು ಒತ್ತಿದರು ಅಂತ ಎಲ್ಲರಿಗೂ ಕಾಣುತ್ತದೆ, ಹಿರಿಯರು ಒತ್ತಿದ್ದನ್ನೇ ಕಿರಿಯರೂ ಒತ್ತುತ್ತಾರೆ. ನಾವು ಒಮ್ಮೆ ಹಾಗೆ ಮಾಡಿ ಒಂದೇ ಉತ್ತರಕ್ಕೆ ಎಲ್ಲಾ ಮತವೂ ಬಿದ್ದಿತ್ತು. ಆಮೇಲೆ ಅದೇ ಪ್ರಶ್ನೆಗೆ ಹೆಸರಿಲ್ಲದ ಚೀಟಿ ಹಂಚಿ ಡಬ್ಬಿಗೆ ಹಾಕಿಸಿದೆವು. ಮೂರು ಪಾಲಾಯಿತು, ‘ಗೊತ್ತಿಲ್ಲ’ ಅಂದವರೇ ದೊಡ್ಡ ಪಾಲು. ಎರಡನೆಯದು: ‘ಮೈತ್ರಿ’ ಅನ್ನುವ ಶಬ್ದ ಪ್ರಶ್ನೆಯಲ್ಲಿ ಬೇಡ. ‘ಆ ದೇಶದ ಮೇಲೆ ದಾಳಿಯಾದರೆ ನಮ್ಮ ಸೈನಿಕರನ್ನು ಕಳಿಸಬೇಕಾ?’ ಅಂತ ನೇರವಾಗಿ ಬರೆಯಿರಿ. ಕೊನೆಗೆ ಫಲಿತಾಂಶ ಹೇಳುವಾಗ ‘ಗೋವಾ ಕನ್ನಡಿಗರು’ ಅನ್ನಬೇಡಿ, ‘ಅವತ್ತು ಬಂದಿದ್ದ ಇಷ್ಟು ಮಂದಿ’ ಅನ್ನಿ.

ಹಂತ 8: ಯಾವಾಗ ಕೇಳಿದರು?

ವಿದೇಶಾಂಗ ವಿಷಯದಲ್ಲಿ ಜನರ ಮನಸ್ಸು ವರ್ಷಗಟ್ಟಲೆ ಕದಲುವುದಿಲ್ಲ, ಕದಲಿದರೆ ಒಂದೇ ವಾರದಲ್ಲಿ. ಫಿನ್‌ಲೆಂಡ್ ನೋಡಿ. ರಷ್ಯಾದ ಜೊತೆ 1,300 ಕಿಲೋಮೀಟರಿಗಿಂತ ಉದ್ದದ ಗಡಿ, ದಶಕಗಳಿಂದ ಯಾವ ಮೈತ್ರಿಯೂ ಬೇಡ ಅಂತಿದ್ದ ದೇಶ. ಅಲ್ಲಿನ ‘ಹೆಲ್ಸಿಂಗಿನ್ ಸನೊಮಾತ್’ ಪತ್ರಿಕೆ 2022ರ ಜನವರಿಯಲ್ಲಿ ಕೇಳಿಸಿದಾಗ ನೇಟೋಗೆ ಸೇರೋಣ ಅಂದವರು ಶೇ. 28. ಫೆಬ್ರವರಿ ಕೊನೆಗೆ ರಷ್ಯಾ ಯುಕ್ರೇನಿಗೆ ನುಗ್ಗಿತು. ಮೇ ತಿಂಗಳಲ್ಲಿ ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ‘ಯೂಲೆ’ ಕೇಳಿಸಿದಾಗ ಶೇ. 76. 2023ರ ಏಪ್ರಿಲ್ 4ಕ್ಕೆ ಸದಸ್ಯತ್ವವೇ ಆಗಿಹೋಯಿತು. ಇಲ್ಲಿ ಜನಾಭಿಪ್ರಾಯ ಸರ್ಕಾರಕ್ಕಿಂತ ಮುಂದೆ ಓಡಿತು.

ಉಲ್ಟಾ ಉದಾಹರಣೆಯೂ ಇದೆ. 2001ರ ಸೆಪ್ಟೆಂಬರ್ ದಾಳಿಗೆ ಮುಂಚೆ ಗ್ಯಾಲಪ್ ಅನ್ನುವ ಸಂಸ್ಥೆಯ ಸಮೀಕ್ಷೆಯಲ್ಲಿ ಅಮೆರಿಕದ ಅಧ್ಯಕ್ಷ ಬುಷ್ ಕೆಲಸ ಮೆಚ್ಚಿದವರು ಶೇ. 51. ಎರಡು ವಾರದೊಳಗೆ ಶೇ. 90. ದೇಶಕ್ಕೆ ಪೆಟ್ಟು ಬಿದ್ದಾಗ ಜನ ನಾಯಕನ ಸುತ್ತ ಒಟ್ಟಾಗುತ್ತಾರೆ, ಮನೆಯಲ್ಲಿ ಸಾವಾದಾಗ ಜಗಳ ಮರೆಯುವ ಹಾಗೆ. ಅದು ಮೆಲ್ಲಗೆ ಇಳಿಯುತ್ತದೆ, ಬುಷ್ ಅವರದ್ದೂ ಇಳಿಯಿತು. ಆದ್ದರಿಂದ ಗುಂಡಿನ ಸದ್ದು ಕೇಳುತ್ತಿರುವಾಗ ಮಾಡಿದ ಸಮೀಕ್ಷೆಯ ಪಕ್ಕದಲ್ಲಿ ತಾರೀಖು ಬರೆದು, ಆರು ತಿಂಗಳಾದ ಮೇಲೆ ಅದೇ ಪ್ರಶ್ನೆ ಮತ್ತೆ ಕೇಳಿದ್ದಾರಾ ಅಂತ ಹುಡುಕಿ. ಅದೇ ಪ್ರಶ್ನೆ ಆಗಿರಬೇಕು, ಶಬ್ದ ಬದಲಾಗಿದ್ದರೆ ಹೋಲಿಸಬೇಡಿ.

ಒಂದು ಸುದ್ದಿಯನ್ನು ಪೂರ್ತಿ ಹಾಯಿಸಿ ನೋಡೋಣ

ಬಹಳ ಜನ ಕೇಳಿದ್ದು ಇದನ್ನೇ. 2025ರ ಸೆಪ್ಟೆಂಬರ್ 17ರಂದು ರಿಯಾಧ್‌ನಲ್ಲಿ ಸೌದಿ ಅರೇಬಿಯಾ ಮತ್ತು ಪಾಕಿಸ್ತಾನ ಪರಸ್ಪರ ರಕ್ಷಣಾ ಒಪ್ಪಂದಕ್ಕೆ ಸಹಿ ಹಾಕಿದವು.

ಬಗೆ: ಹೆಸರಿನ ಪ್ರಕಾರ ರಕ್ಷಣಾ ಮೈತ್ರಿ. ಬರೀ ಪಾಲುದಾರಿಕೆ ಅಂತ ತಳ್ಳಿಹಾಕುವಂತಿಲ್ಲ.

ಕ್ರಿಯಾಪದ: ಒಬ್ಬರ ಮೇಲಿನ ಆಕ್ರಮಣವನ್ನು ಇಬ್ಬರ ಮೇಲಿನ ಆಕ್ರಮಣ ಎಂದು ‘ಪರಿಗಣಿಸಲಾಗುವುದು’. ಸಹಿಯಾದಾಗ ಜನರ ಮುಂದೆ ಬಂದದ್ದು ಜಂಟಿ ಹೇಳಿಕೆ, ವಿಧಿಗಳಿರುವ ಪಠ್ಯ ಅಲ್ಲ. ಪರಿಗಣಿಸಿದ ಮೇಲೆ ಏನು ಮಾಡಬೇಕು ಅನ್ನುವ ವಾಕ್ಯ ಆ ಹೇಳಿಕೆಯಲ್ಲಿ ಇಲ್ಲ. ನೋಟ್‌ಬುಕ್ಕಿನಲ್ಲಿ ಈ ಜಾಗ ಖಾಲಿ ಬಿಡಿ.

ಭೂಪಟ: ಯಾವ ನೆಲ, ಯಾವ ಗಡಿ? ಅದೂ ಹೇಳಿಕೆಯಲ್ಲಿ ಇಲ್ಲ. ಖಾಲಿ.

ಮೆಟ್ಟಿಲು: ಸಹಿ ಬಿದ್ದ ದಿನದ ಮಟ್ಟಿಗೆ ಒಂದನೆಯದು. ಆಮೇಲೆ ಏನೇನು ಆಗುತ್ತದೋ ಅದಕ್ಕೆ ತಕ್ಕ ಹಾಗೆ ಪೆನ್ಸಿಲ್ಲಿನಲ್ಲಿ ತಿದ್ದುತ್ತಾ ಹೋಗಿ.

ಹಿಂದಿನ ನಡವಳಿಕೆ: ಪಾಕಿಸ್ತಾನದ ಸೈನಿಕರು ದಶಕಗಳಿಂದ ಸೌದಿಯಲ್ಲಿ ತರಬೇತಿ ಕೊಡುತ್ತಾ ಇದ್ದಾರೆ, ಅದು ಒಂದು ಕಡೆ. 2015ರಲ್ಲಿ ಯೆಮನ್ ಯುದ್ಧಕ್ಕೆ ಬನ್ನಿ ಅಂತ ಸೌದಿ ಕರೆದಾಗ ಪಾಕಿಸ್ತಾನದ ಸಂಸತ್ತು ‘ನಾವು ತಟಸ್ಥ’ ಅಂತ ನಿರ್ಣಯ ಮಾಡಿತು, ಇದು ಇನ್ನೊಂದು ಕಡೆ. ಎರಡನ್ನೂ ಬರೆದುಕೊಳ್ಳಿ. ಒಂದನ್ನೇ ಬರೆದವರು ಟಿವಿಯಲ್ಲಿ ಸಿಗುತ್ತಾರೆ. ಜೊತೆಗೆ ಸೌದಿ ಭಾರತಕ್ಕೆ ದೊಡ್ಡ ಪ್ರಮಾಣದಲ್ಲಿ ತೈಲ ಮಾರುವ ದೇಶ ಅಂತಲೂ ಬರೆಯಿರಿ. ಎರಡು ಕಡೆ ನಂಟು ಇರುವ ಬ್ರಿಟನ್ 1961ರಲ್ಲಿ ಏನು ಮಾಡಿತು ಅಂತ ಮೂರನೇ ಹಂತದಲ್ಲಿ ನೋಡಿದೆವಲ್ಲ.

ಈ ಸುದ್ದಿ ಬಂದಾಗ ವಾಸ್ಕೋದ ಬಾಯ್ನಾದ ಒಬ್ಬ ತಾಯಿ ನನಗೆ ಫೋನ್ ಮಾಡಿದ್ದರು. ಮಗ ರಿಯಾಧ್‌ನಲ್ಲಿ ಎಲೆಕ್ಟ್ರಿಷಿಯನ್. “ವಾಪಸ್ ಕರೆಸ್ಕೊಳ್ಳಲಾ ಸರ್?” ಅಂದರು. ಮೇಲಿನ ಎಂಟು ಹಂತದಲ್ಲಿ ಯಾವುದೂ ಆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ, ದಯವಿಟ್ಟು ಇವನ್ನು ಅದಕ್ಕೆ ಬಳಸಬೇಡಿ. ಮನೆಯವರು ಹೊರದೇಶದಲ್ಲಿ ಇದ್ದರೆ ನೋಡಬೇಕಾದದ್ದು ಅಲ್ಲಿನ ಭಾರತೀಯ ರಾಯಭಾರ ಕಚೇರಿ ಹೊರಡಿಸುವ ಸೂಚನೆಗಳನ್ನು ಮಾತ್ರ. ಅವರು ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿದ್ದಾರಾ, ಪಾಸ್‌ಪೋರ್ಟ್ ಅವರ ಕೈಯಲ್ಲೇ ಇದೆಯಾ, ಅದರ ಅವಧಿ ಯಾವಾಗ ಮುಗಿಯುತ್ತದೆ, ಈ ಮೂರನ್ನು ಇವತ್ತೇ ಫೋನ್ ಮಾಡಿ ಕೇಳಿ ಅದೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಡಿ. ಇದನ್ನು ಮಾತ್ರ ಪೆನ್ನಿನಲ್ಲಿ.